ಪುತಳಿ ಸರದ ನಾಣ್ಯ: ವೆನಿಸಿನದೋ, ಇಲ್ಲೇ ಅಚ್ಚಾದದ್ದೋ?

ಪ್ರಶ್ನೆ: ಅಜ್ಜಿಯ ಪುತಳಿ ಸರದ ಒಂದು ನಾಣ್ಯ ನನ್ನ ಪಾಲಿಗೆ ಬಂದಿದೆ. ನಿಂತವರೊಬ್ಬರ ಮುಂದೆ ಇನ್ನೊಬ್ಬರು ಮಂಡಿಯೂರಿದ್ದಾರೆ, ನಡುವೆ ಕೋಲು. ಇಸವಿ ಇಲ್ಲ. ಕೊಂಡಿ ಸೇರಿ 3.62 ಗ್ರಾಂ. ಇದು ವೆನಿಸಿನ ಡ್ಯೂಕಟ್ ಹೌದೇ?
– ಓದುಗರು, ಕುಮಟಾ

ಉತ್ತರ: ಇಸವಿ ಇಲ್ಲವೆಂದು ಅನುಮಾನ ಬೇಡ. ಡ್ಯೂಕಟ್ ಮೇಲೆ ಇಸವಿ ಹಾಕುತ್ತಿರಲಿಲ್ಲ. 1284ರಲ್ಲಿ ಗೊತ್ತುಮಾಡಿದ ಚಿತ್ರವೇ 1797ರಲ್ಲಿ ವೆನಿಸ್ ಗಣರಾಜ್ಯ ಬೀಳುವವರೆಗೂ ನಡೆಯಿತು. ನಿಂತವರು ಸಂತ ಮಾರ್ಕ್, ಮಂಡಿಯೂರಿದವರು ಡೋಜ್, ಅಲ್ಲಿನ ಚುನಾಯಿತ ದೊರೆ, ಕೋಲು ಬಾವುಟದ್ದು.

ತೂಕವನ್ನು ನಂಬಿ ಕೂರಬೇಡಿ. ಅಸಲಿ ಡ್ಯೂಕಟ್ ಸುಮಾರು 3.5 ಗ್ರಾಂ, ಹೆಚ್ಚೂಕಡಿಮೆ ಅಪ್ಪಟ ಚಿನ್ನ. ಕೊಂಡಿಯ ತೂಕ ಎಷ್ಟೆಂದು ತಿಳಿಯದೆ 3.62 ಏನನ್ನೂ ಹೇಳದು. ಮೆಣಸಿನ ವ್ಯಾಪಾರದಲ್ಲಿ ಈ ನಾಣ್ಯ ನಮ್ಮ ಕರಾವಳಿಗೆ ಬಂದು ಎಷ್ಟು ನಂಬಿಕೆ ಗಳಿಸಿತೆಂದರೆ, ಇಲ್ಲಿನವರೂ ಅದೇ ಮಾದರಿಯಲ್ಲಿ ಅಚ್ಚು ಹಾಕಿದರು. ಅವುಗಳಲ್ಲಿ ಒಳ್ಳೆಯ ಚಿನ್ನದವೂ ಇವೆ.

ಆದ್ದರಿಂದ ಅಕ್ಷರ ನೋಡಿ. ಹತ್ತು ಪಟ್ಟಿನ ಭೂತಗನ್ನಡಿ, ಪಕ್ಕದಿಂದ ಬೀಳುವ ಬೆಳಕು ಸಾಕು. ಕೋಲಿನ ಉದ್ದಕ್ಕೆ ಡಿ, ವಿ, ಎಕ್ಸ್ ಒಂದರ ಕೆಳಗೊಂದು ಇರಬೇಕು. ಅಂಚಿನ ಬರಹದಲ್ಲಿ ಡೋಜ್ ಹೆಸರು ಮೊಟಕಾಗಿ ಸಿಗುತ್ತದೆ. ಕಾಲ ತಿಳಿಯಲು ಅದೊಂದೇ ದಾರಿ. ‘ಲುಡೊವ್ ಮಾನಿನ್’ ಎಂದಿದ್ದರೆ 1789–97. ಅಲ್ವಿಸೆ ಮೊಸೆನಿಗೊ ಎಂದಿದ್ದರೆ ಪೇಚು: ಆ ಹೆಸರಿನವರು ನಾಲ್ವರು ಆಳಿದ್ದಾರೆ. ಅಕ್ಷರದ ಜಾಗದಲ್ಲಿ ಬರೀ ಗೀಟು, ಚುಕ್ಕಿಗಳಿದ್ದು, ಮನುಷ್ಯರು ಕಡ್ಡಿಗಳಂತಿದ್ದರೆ ಅದು ಭಾರತದ ಅನುಕರಣೆ. ಅದನ್ನೂ ಸಂಗ್ರಹಿಸುವವರಿದ್ದಾರೆ, ಬೆಲೆ ಮಾತ್ರ ಬೇರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. ನಾಣ್ಯದ ತೂಕವನ್ನು ಈಗ ಕಂಡ ಅಂಕಿಯಿಂದ ಭಾಗಿಸಿ: ಅಪ್ಪಟ ಚಿನ್ನಕ್ಕೆ 19ರ ಆಚೆ, ಬೆಳ್ಳಿಗೆ ಗಿಲೀಟು ಹಾಕಿದ್ದರೆ 10–11. ಆದರೆ 3.5 ಗ್ರಾಂ ನಾಣ್ಯ ತಳ್ಳುವ ನೀರು ಬರೀ 0.18 ಗ್ರಾಂ, 22 ಕ್ಯಾರೆಟ್ಟಿಗೆ 0.20. ಈ ವ್ಯತ್ಯಾಸ ಹಿಡಿಯಲು 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಅಂಟಿದ ಒಂದು ಗಾಳಿಗುಳ್ಳೆಯೂ, ಕೊಂಡಿಯ ಬೆಸುಗೆಯೂ ಲೆಕ್ಕ ಕೆಡಿಸುತ್ತವೆ.

ಅಂಗಡಿಯ ಕ್ಯಾರೆಟ್ ಮೀಟರ್ ಮೇಲ್ಮೈಯನ್ನಷ್ಟೇ ಓದುತ್ತದೆ. ಬೆಸುಗೆಯಿಂದ ದೂರ ಹಿಡಿಯಲು ಹೇಳಿ. ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಅಂಟುವಾಳದ ನೊರೆಯಲ್ಲಿ ಬ್ರಷ್ ಹಾಕಿ ತಿಕ್ಕುವುದೂ ಬೇಡ, ಇಷ್ಟು ಮೆದು ಚಿನ್ನ ಗೀರು ಬೀಳುತ್ತದೆ. ಕೊಂಡಿ ಕೀಳಿಸಬೇಡಿ: ಬೆಸುಗೆಯ ಕಲೆ ಹೇಗೂ ಉಳಿಯುತ್ತದೆ, ಬಿಸಿಗೆ ಅಂಚಿನ ಅಕ್ಷರ ಕರಗಿದರೆ ಹೆಸರೂ ಹೋಗುತ್ತದೆ.

ಇನ್ನೊಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ವಿದೇಶದಲ್ಲಿರುವ ಮಕ್ಕಳಿಗೆಂದು ಚೀಲದಲ್ಲಿಟ್ಟು ಕಳಿಸುವಂತಿಲ್ಲ.