ಬೋಂಡಾ ಕರಿದ ಎಣ್ಣೇಲಿ ಜನರೇಟರ್ ಓಡ್ಸೋ ಆಸೆ ಇರೋರಿಗೆ

ಪ್ರಶ್ನೆ: ಸರ್, ರಾಜಾಜಿನಗರದಲ್ಲಿ ನಮ್ದೊಂದು ಸಣ್ಣ ಕಾಂಡಿಮೆಂಟ್ಸ್ ಇದೆ. ಚಕ್ಲಿ, ನಿಪ್ಪಟ್ಟು, ಕೋಡುಬಳೆ, ಸಂಜೆ ಹೊತ್ತು ಬಜ್ಜಿ ಬೋಂಡಾ. ವಾರಕ್ಕೆ ಹತ್ತಿರ ಹತ್ತಿರ 20 ಲೀಟರ್ ಕರಿದ ಪಾಮಾಯಿಲ್ ಉಳಿಯುತ್ತೆ. ಇದ್ರಿಂದ ಮನೇಲೇ ಬಯೋಡೀಸೆಲ್ ಮಾಡ್ಬೋದು ಅಂತ ವಿಡಿಯೋಲಿ ನೋಡ್ದೆ. ಅಂಗಡೀಲಿ ಹಳೇ ಡೀಸೆಲ್ ಜನರೇಟರ್ ಇದೆ, ಮನೇಲಿ 2021ರ ಡೀಸೆಲ್ ಕಾರ್ ಇದೆ, ಎರಡಕ್ಕೂ ಹಾಕ್ಬೋದಾ? ನನ್ ಮಗ ಇಂಜಿನಿಯರಿಂಗ್ ಓದ್ತಿದಾನೆ, ಅಪ್ಪಾ ನೀನು ಟೆರೇಸ್ ಸುಟ್ಟು ಹಾಕ್ತೀಯ ಅಂತಾನೆ.

ಉತ್ತರ: ನಿಮ್ ಮಗ ಹೇಳ್ತಿರೋದು ಸುಮ್ನೆ ಅಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಮೊದ್ಲು ಕಾರಿನ ವಿಷಯ ಮುಗಿಸ್ಬಿಡೋಣ: ಬೇಡ. 2020ರ ಏಪ್ರಿಲ್ ಆದ್ಮೇಲೆ ಬಂದಿರೋ ಕಾರೆಲ್ಲ ಬಿಎಸ್ 6 ಅನ್ನೋ ಹೊಗೆ ನಿಯಮದ್ದು, ಡೀಸೆಲ್ ಕಾರಾದ್ರೆ ಹೊಗೆ ಹೋಗೋ ದಾರೀಲಿ ಮಸಿ ಹಿಡಿಯೋ ಫಿಲ್ಟರ್ ಒಂದಿರುತ್ತೆ, ಡಿಪಿಎಫ್ ಅಂತಾರೆ. ಆ ಮಸಿ ಸುಡೋಕೆ ಅಂತ ಬಹಳ ಕಾರುಗಳಲ್ಲಿ ಇಂಜಿನ್ನು ಆಗಾಗ ಸ್ವಲ್ಪ ಡೀಸೆಲ್ ಹೆಚ್ಗೆ ಚಿಮ್ಮಿಸುತ್ತೆ, ಡೀಸೆಲ್ ಆದ್ರೆ ಆವಿಯಾಗಿ ಹೋಗುತ್ತೆ, ಬಯೋಡೀಸೆಲ್ ಅಷ್ಟು ಸಲೀಸಾಗಿ ಆವಿಯಾಗಲ್ಲ, ಸಿಲಿಂಡರ್ ಗೋಡೆ ಹಿಡ್ಕೊಂಡು ಇಳಿದು ಇಂಜಿನ್ ಆಯಿಲ್ ಸೇರ್ಕೊಂಡು ಅದನ್ನ ತೆಳ್ಳಗೆ ಮಾಡಿಬಿಡುತ್ತೆ. ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬೇರೆ ಕೂದಲೆಳೆಯಷ್ಟು ಸೂಕ್ಷ್ಮ. ಲೀಟರ್‌ಗೆ ನಾಕು ಕಾಸು ಉಳಿಸೋಕೆ ಹೋಗಿ ಇಂಜೆಕ್ಟರ್ ಸೆಟ್ಟಿಗೆ ದುಡ್ಡು ಸುರಿಯೋದು ಯಾವ ಲೆಕ್ಕ ಹೇಳಿ.

ಜನರೇಟರ್ ಕಥೆ ಬೇರೆ. ಹಳೇ ಮೆಕ್ಯಾನಿಕಲ್ ಪಂಪಿನ ಸೆಟ್ಟು ಸರಿಯಾಗಿ ಮಾಡಿದ ಬಯೋಡೀಸೆಲ್ ಕುಡ್ಕೊಂಡು ಚೆನ್ನಾಗೇ ಓಡುತ್ತೆ. ನ್ಯಾಚುರಲ್ ರಬ್ಬರ್ ಪೈಪ್ ಇದ್ರೆ ಮೆತ್ತಗಾಗಿ ಸೋರುತ್ತೆ, ಬದಲಾಯಿಸ್ಬೇಕು. ಇನ್ನೊಂದು, ಬಯೋಡೀಸೆಲ್ ಒಳ್ಳೇ ಕ್ಲೀನರ್ರು, ಟ್ಯಾಂಕಲ್ಲಿ ವರ್ಷಗಟ್ಲೆ ಕೂತಿರೋ ಗಸಿನೆಲ್ಲ ಎಬ್ಬಿಸ್ಕೊಂಡು ಬಂದು ಫಿಲ್ಟರ್‌ಗೆ ತುಂಬುತ್ತೆ, ಮೊದಲ ತಿಂಗಳು ಎರಡು ಮೂರು ಫಿಲ್ಟರ್ ಕೈಲಿರ್ಲಿ.

ಈಗ ಮಾಡೋ ವಿಷಯ. ಎಣ್ಣೆ ಅಂದ್ರೆ ಒಂದು ಗ್ಲಿಸರಿನ್‌ಗೆ ಮೂರು ಉದ್ದನೆ ಬಾಲ ಅಂಟಿಕೊಂಡಿರೋ ವಸ್ತು ಅಂದ್ಕೊಳಿ. ಮೆಥನಾಲ್ ಅನ್ನೋ ಒಂದು ಥರದ ಆಲ್ಕೋಹಾಲ್ ಆ ಬಾಲಗಳನ್ನ ಒಂದೊಂದಾಗಿ ಬಿಡಿಸ್ಕೊಂಡು ತಾನು ಸೇರ್ಕೊಳುತ್ತೆ, ಅದೇ ಬಯೋಡೀಸೆಲ್. ಕಾಸ್ಟಿಕ್ ಸೋಡಾ ಮಧ್ಯದ ದಲ್ಲಾಳಿ, ವ್ಯವಹಾರ ಕುದುರಿಸುತ್ತೆ ತಾನು ಖರ್ಚಾಗಲ್ಲ. ಬಿಟ್ಟು ಹೋದ ಗ್ಲಿಸರಿನ್ ಭಾರ ಜಾಸ್ತಿ ಇರೋದ್ರಿಂದ ಕಾಕಂಬಿ ಥರ ತಳಕ್ಕಿಳಿಯುತ್ತೆ. 1 ಲೀಟರ್ ಹೊಸ ಎಣ್ಣೆಗೆ ಸುಮಾರು 200 ಎಂಎಲ್ ಮೆಥನಾಲ್, 3.5 ಗ್ರಾಂ ಕಾಸ್ಟಿಕ್ ಸೋಡಾ, 55 ಡಿಗ್ರಿ ಶಾಖ, ಒಂದು ಗಂಟೆ ಕಲಕಾಟ. ಮೆಥನಾಲ್ 65 ಡಿಗ್ರಿ ಮುಟ್ಟೋ ಮುಂಚೆನೇ ಕುದಿಯೋಕೆ ಶುರು ಆಗುತ್ತೆ, ಹಾಗಾಗಿ 60 ದಾಟೋ ಹಾಗಿಲ್ಲ.

ಆದ್ರೆ ನಿಮ್ದು ಹೊಸ ಎಣ್ಣೆ ಅಲ್ವಲ್ಲ. ಕರಿದು ಕರಿದು ಎಣ್ಣೆ ಹುಳಿಯಾಗಿರುತ್ತೆ, ಆ ಹುಳಿ ಅಂಶ ಕಾಸ್ಟಿಕ್ಕನ್ನ ತಿಂದು ಸೋಪಾಗುತ್ತೆ, ಹಾಗಾಗಿ ಎಷ್ಟು ಹುಳಿ ಇದೆ ಅಂತ ಅಳೆದು ಅಷ್ಟು ಕಾಸ್ಟಿಕ್ ಜಾಸ್ತಿ ಹಾಕ್ಬೇಕು. ಇದಕ್ಕೆ ಲ್ಯಾಬಲ್ಲಿ ಫಿನಾಲ್ಫ್ತಲೀನ್ ಅನ್ನೋ ಕೆಮಿಕಲ್ ಬಳಸ್ತಾರೆ, ನಮ್ಮನೇಲಿ ಅರಿಶಿನ ಸಾಕು. ಆರತಿ ತಟ್ಟೇಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದ ತಕ್ಷಣ ಕೆಂಪಾಗುತ್ತಲ್ಲ, ಅದೇ ಕೆಮಿಸ್ಟ್ರಿ. 1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 1 ಗ್ರಾಂ ಕಾಸ್ಟಿಕ್ ಕರಗಿಸಿ ಇಟ್ಕೊಳಿ. 1 ಎಂಎಲ್ ಕರಿದ ಎಣ್ಣೆನ 10 ಎಂಎಲ್ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಕರಗಿಸಿ ಚಿಟಿಕೆ ಅರಿಶಿನ ಹಾಕಿ, ಸಿರಿಂಜಲ್ಲಿ ಆ ಕಾಸ್ಟಿಕ್ ನೀರನ್ನ ಹನಿಹನಿ ಬಿಡ್ತಾ ಹೋಗಿ, ಹಳದಿ ಹೋಗಿ ಕೆಂಪು ಬಣ್ಣ ಬಂದು ನಿಂತಾಗ ಎಷ್ಟು ಎಂಎಲ್ ಖರ್ಚಾಯ್ತೋ ಅಷ್ಟು ಗ್ರಾಂನ ಆ 3.5ಕ್ಕೆ ಕೂಡಿಸಿ. 2 ಎಂಎಲ್ ಆದ್ರೆ 5.5 ಗ್ರಾಂ. ಐದಾರು ದಾಟಿದ್ರೆ ಆ ಎಣ್ಣೆ ಬಿಟ್ಬಿಡಿ, ಅದು ಬಯೋಡೀಸೆಲ್‌ಗೂ ಲಾಯಕ್ಕಿಲ್ಲ, ಗಿರಾಕಿ ಹೊಟ್ಟೆಗಂತೂ ಮೊದ್ಲೇ ಲಾಯಕ್ಕಿರ್ಲಿಲ್ಲ.

ನಾನು ಮೊದಲ ಸಲ ಮಾಡಿದಾಗ ಅಳತೆ ಎಲ್ಲಾ ಸರಿ ಇತ್ತು, ತೇವ ನೋಡೋದು ಮರ್ತಿದ್ದೆ. ಆಲೂಗೆಡ್ಡೆ, ಈರುಳ್ಳಿ ಬಿಟ್ಟ ನೀರು ಎಣ್ಣೇಲೇ ಇರುತ್ತೆ. ಅರ್ಧ ಗಂಟೆ ಆದ್ಮೇಲೆ ಡಬ್ಬ ತೆಗೆದು ನೋಡಿದ್ರೆ ಇಡೀ 5 ಲೀಟರ್ ಅಂಬಲಿ ಥರ ಆಗಿ, ಬೆಳಗ್ಗೆ ಹೊತ್ತಿಗೆ ಕೋಲು ನೆಟ್ಟಗೆ ನಿಲ್ಲೋಷ್ಟು ಗಟ್ಟಿ. ನಮ್ಮನೆಯೋರು ಬಂದು ನೋಡಿ, ಪಾತ್ರೆ ತೊಳ್ಯೋಕಾದ್ರೂ ಆಗುತ್ತಾ ಅಂದ್ರು. ಅದ್ರಲ್ಲಿ ಮೆಥನಾಲ್ ಇರುತ್ತೆ, ಅದಕ್ಕೂ ಆಗ್ಲಿಲ್ಲ. ಅವತ್ತಿಂದ ಕಾದ ಬಾಣಲಿಗೆ ಎರಡು ಹನಿ ಎಣ್ಣೆ ಬಿಟ್ಟು ಕಿವಿ ಕೊಡ್ತೀನಿ, ಚಟಪಟ ಅಂದ್ರೆ ನೀರಿದೆ ಅಂತ, ಪೂರ್ತಿ ಎಣ್ಣೆನ 110 ಡಿಗ್ರಿಗೆ ಕಾಯಿಸಿ ಸದ್ದು ನಿಲ್ಲೋವರ್ಗೂ ಇಟ್ಟು, ಆರಿದ್ಮೇಲೇ ಮುಂದಿನ ಕೆಲಸ. ಆದ್ಮೇಲೆ ಪರೀಕ್ಷೆನೂ ಸುಲಭ, 27 ಎಂಎಲ್ ಮೆಥನಾಲ್‌ಗೆ 3 ಎಂಎಲ್ ನಿಮ್ ಬಯೋಡೀಸೆಲ್ ಹಾಕಿ ಕಲಕಿ, ತಿಳಿಯಾಗಿ ಕರಗಿದ್ರೆ ಪಾಸು, ತಳದಲ್ಲಿ ಎಣ್ಣೆ ಕೂತ್ರೆ ಇನ್ನೂ ಅರೆಬೆಂದಿದೆ. ಪಾಮಾಯಿಲಿಂದ ಮಾಡಿದ್ದು ಡಿಸೆಂಬರ್ ಚಳೀಲಿ ಬೆಳಗ್ಗೆ ಹೊತ್ತು ಕ್ಯಾನಿನ ತಳದಲ್ಲಿ ತುಪ್ಪದ ಥರ ಮಬ್ಬಾಗಿ ಕೂತಿರುತ್ತೆ, ಕೆಟ್ಟಿಲ್ಲ, ಬಿಸಿಲಿಗಿಟ್ರೆ ಸರಿ ಹೋಗುತ್ತೆ.

ಇನ್ನು ಮಗನ ಮಾತು. ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೆ ಕಾಣಲ್ಲ. ಹತ್ಕೊಂಡಿದೆ ಅಂತ ಗೊತ್ತಾಗೋದು ಕೈ ಸುಟ್ಟಾಗ್ಲೇ. ಚರ್ಮದಿಂದ್ಲೂ ಒಳಗೆ ಹೋಗುತ್ತೆ, ಆವಿ ಕುಡಿದ್ರೂ ವಿಷ, ಕಣ್ಣು ಹೋಗುತ್ತೆ. 1981ರಲ್ಲಿ ಇದೇ ಬೆಂಗಳೂರಲ್ಲಿ ಕಳ್ಳ ಸಾರಾಯಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ರಲ್ಲ, ಅದ್ರಲ್ಲಿದ್ದ ವಿಷ ಇದೇ ಮೆಥನಾಲ್. ಕ್ಯಾನಲ್ಲಿ ನೋಡೋಕೆ ನೀರೇ, ಮನೇಲಿ ಮಕ್ಕಳಿದ್ರೆ ನನ್ ಉತ್ತರ ಅಲ್ಲಿಗೇ ನಿಂತೋಗುತ್ತೆ. ಗ್ಯಾಸ್ ಒಲೆ ಹತ್ರ ಇಡಬೇಡಿ, ಎಣ್ಣೆನ ಬೇರೆ ಕಡೆ ಕಾಯಿಸಿ ತಂದು ಬಿಸಿನೀರಿನ ಟಬ್ಬಲ್ಲಿ ಕೂರಿಸ್ಕೊಳಿ. ಅಲ್ಯೂಮಿನಿಯಂ ಬಾಣಲಿ ಅಂತೂ ಬೇಡ್ವೇ ಬೇಡ, ಕಾಸ್ಟಿಕ್ ಅದನ್ನ ತಿಂದು ಹೈಡ್ರೋಜನ್ ಬಿಡುತ್ತೆ, ಸ್ಟೀಲು ಇಲ್ಲಾ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನು. ಉಳಿದ ಗ್ಲಿಸರಿನ್ ಮೋರಿಗೆ ಸುರಿಯೋ ಹಾಗಿಲ್ಲ, ಬೆಳ್ಳಂದೂರು ಕೆರೆ ನೊರೆ ರಸ್ತೆಗೆ ಹಾರಿ ಬಂದಿದ್ದು ಕಣ್ಣಾರೆ ನೋಡಿದೋರು ನಾವು.

ಲೆಕ್ಕನೂ ಹೇಳ್ಬಿಡ್ತೀನಿ. ತಿಂಗಳಿಗೆ 80 ಲೀಟರ್ ಎಣ್ಣೆ ಅಂದ್ರೆ 16 ಲೀಟರ್ ಮೆಥನಾಲ್ ಬೇಕು, ಕೈಗೆ ಹತ್ತಿರ ಹತ್ತಿರ 70 ಲೀಟರ್ ಬಯೋಡೀಸೆಲ್ ಬರುತ್ತೆ. ನಿಮ್ ಏರಿಯಾಲಿ ತಿಂಗಳಿಗೆ 15 ಗಂಟೆ ಕರೆಂಟ್ ಹೋಗುತ್ತೆ ಅಂದ್ಕೊಂಡ್ರೂ ಸಣ್ಣ ಜನರೇಟರ್ 20 ಲೀಟರ್ ಮೇಲೆ ಕುಡಿಯಲ್ಲ. ಉಳಿದ 50 ಲೀಟರ್ ಏನ್ಮಾಡ್ತೀರ? ಪರ್ಮಿಷನ್ ಇಲ್ದೆ ಮಾರೋ ಹಾಗಿಲ್ಲ, ಆರು ತಿಂಗಳ ಮೇಲೆ ಇಟ್ರೆ ಕಮಟು ಹತ್ತಿ ಅಂಟಾಗುತ್ತೆ. ಎಫ್‌ಎಸ್‌ಎಸ್‌ಎಐ ಅನ್ನೋ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಆಗಸ್ಟಲ್ಲಿ ರೂಕೋ ಅಂತ ಯೋಜನೆ ತಂದಿದೆ, ಕರಿದ ಎಣ್ಣೆ ದುಡ್ಡು ಕೊಟ್ಟು ತಗೊಂಡೋಗಿ ಬಯೋಡೀಸೆಲ್ ಫ್ಯಾಕ್ಟರಿಗೆ ಕೊಡೋ ನೋಂದಾಯಿತ ಸಂಗ್ರಹಕಾರರು ಬೆಂಗಳೂರಲ್ಲೂ ಇದಾರೆ. ನಾನಾಗಿದ್ರೆ 80 ಲೀಟರೂ ಅವರಿಗೇ ಕೊಟ್ಟು ರಸೀದಿ ಇಟ್ಕೋತಿದ್ದೆ. ಮಗನಿಗೆ ಕಲಿಯೋ ಹುಚ್ಚಿದ್ರೆ ಕಾಲೇಜ್ ಲ್ಯಾಬಲ್ಲಿ, ಮೇಷ್ಟ್ರ ಕಣ್ಮುಂದೆ, 1 ಲೀಟರ್ ಮಾಡ್ಲಿ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ, ಕರಿದ ಎಣ್ಣೆ ಸೋಸಿ ಹಾಗೇ ಡೀಸೆಲ್‌ಗೆ ಬೆರೆಸಿದ್ರೆ ಆಗಲ್ವಾ? ನಮ್ ಗ್ಯಾರೇಜಿನೋರು ಆಗುತ್ತೆ ಅಂತಾರೆ.

ಉತ್ತರ: ಓಡುತ್ತೆ, ಸ್ವಲ್ಪ ದಿನ. 1900ರ ಪ್ಯಾರಿಸ್ ಮೇಳದಲ್ಲೇ ಒಂದು ಡೀಸೆಲ್ ಇಂಜಿನ್ನನ್ನ ಕಡ್ಲೆಕಾಯಿ ಎಣ್ಣೇಲಿ ಓಡ್ಸಿ ತೋರ್ಸಿದ್ರು, ಬಸವನಗುಡಿ ಪರಿಷೆಗೆ ಹೋಗೋ ನಮಗೆ ಕೇಳೋಕೆ ಖುಷಿಯಾಗೋ ವಿಷಯ. ನಮ್ ಐಐಎಸ್‌ಸಿಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆನ ಹಾಗೇ ಹಾಕಿ ಹಳ್ಳಿ ಕಡೆ ಜನರೇಟರ್ ಓಡ್ಸಿದ್ದೂ ನಿಜ. ಆದ್ರೆ ಅದು ನಿಂತಲ್ಲೇ ಒಂದೇ ವೇಗದಲ್ಲಿ, ಒಳ್ಳೇ ಲೋಡಲ್ಲಿ ಓಡೋ ಇಂಜಿನ್ನು. ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ, ಇಂಜೆಕ್ಟರಿಂದ ಮಂಜಿನ ಥರ ಹೊರಡ್ಬೇಕಾದ್ದು ಹನಿಯಾಗಿ ಬೀಳುತ್ತೆ, ಪೂರ್ತಿ ಉರಿಯಲ್ಲ, ತುದೀಲಿ ಇದ್ದಿಲಿನ ಗಂಟು ಕಟ್ಟುತ್ತೆ. ಸಿಗ್ನಲ್ಲಿಗೊಂದ್ಸಲ ನಿಂತು ಹೊರಡೋ ಬೆಂಗಳೂರು ಗಾಡಿಗೆ ಇದು ಬೇಡ. ಆಗುತ್ತೆ ಅಂದ ಗ್ಯಾರೇಜಿನೋರಿಗೆ ಇಂಜೆಕ್ಟರ್ ಬಿಚ್ಚೋ ಕೂಲಿನೂ ಬರುತ್ತೆ ಅನ್ನೋದು ನೆನಪಿರ್ಲಿ.

ಪ್ರಶ್ನೆ: ವಿಜಯನಗರದಲ್ಲಿ ಮನೆ, ಮಾಗಡಿ ಹತ್ರ 2 ಎಕರೆ ಜಮೀನಿದೆ. ನಮ್ ಭಾವ ಪೂರ್ತಿ ಹೊಂಗೆ ಹಾಕಿ ಎಣ್ಣೆ ತೆಗೆಯೋಣ, ಮುಂದಿನ ಕಾಲ ಬಯೋಡೀಸೆಲ್ದೇ ಅಂತಾರೆ. ನಾನು ಸೋಲಾರ್ ಅಂತೀನಿ. ಹಬ್ಬಕ್ಕೆ ಸೇರಿದಾಗೆಲ್ಲ ಇದೇ ಜಗಳ, ಒಬ್ಬಟ್ಟು ಆರಿ ಹೋಗುತ್ತೆ. ನೀವೇ ತೀರ್ಪು ಕೊಡಿ.

ಉತ್ತರ: ಲೆಕ್ಕ ಹಾಕೋಣ, ಭಾವನಿಗೇ ಧಾರಾಳವಾಗಿ. ಎಕರೆಗೆ 100 ಮರ, ಬೆಳೆದು ನಿಂತ ಮರಕ್ಕೆ ವರ್ಷಕ್ಕೆ 20 ಕೆಜಿ ಬೀಜ ಅಂತ ಹಿಡಿದ್ರೆ 2,000 ಕೆಜಿ. 4 ಕೆಜಿ ಬೀಜ ಗಾಣಕ್ಕೆ ಹಾಕಿದ್ರೆ 1 ಲೀಟರ್ ಎಣ್ಣೆ, ಅಂದ್ರೆ 500 ಲೀಟರ್. ಲೀಟರ್‌ಗೆ 3 ಯೂನಿಟ್ ಕರೆಂಟ್ ಅಂತಿಟ್ರೆ ವರ್ಷಕ್ಕೆ 1,500 ಯೂನಿಟ್. ಅದೂ ಗಿಡ ನೆಟ್ಟು ಐದಾರು ವರ್ಷ ಕಾದ್ಮೇಲೆ. ಈ ಕಡೆ ಪಾವಗಡದ ಸೋಲಾರ್ ಪಾರ್ಕ್ ನೋಡಿ, ಸುಮಾರು 13,000 ಎಕರೇಲಿ 2,050 ಮೆಗಾವ್ಯಾಟ್, ಎಕರೆಗೆ 150 ಕಿಲೋವ್ಯಾಟ್ ಮೇಲೆ. ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಅಂದ್ರೂ ಎಕರೆಗೆ ದಿನಕ್ಕೆ 600 ಯೂನಿಟ್. ಹೊಂಗೆ ತೋಪು ವರ್ಷಪೂರ್ತಿ ಕೊಡೋದನ್ನ ಸೋಲಾರು ಮೂರು ದಿನದಲ್ಲಿ ಕೊಟ್ಟು ಮುಗಿಸುತ್ತೆ. ನಾನೂ ಮೊದಲ ಸಲ ಈ ಲೆಕ್ಕ ಹಾಕಿದಾಗ ಎಲ್ಲೋ ಸೊನ್ನೆ ತಪ್ಪಿದೆ ಅಂತ ಮತ್ತೆ ಹಾಕಿ ನೋಡ್ದೆ.

ಹಾಗಂತ ಭಾವ ಪೂರ್ತಿ ಸೋತ್ರು ಅನ್ಕೋಬೇಡಿ. ಸೋಲಾರಿಗೆ ಬಂಡವಾಳ ಬೇಕು, ಸಂಜೆ ಆರಕ್ಕೆ ಅದು ಮಲಗುತ್ತೆ, ಎಣ್ಣೆ ಡ್ರಮ್ಮಲ್ಲಿ ಕೂತಿರುತ್ತೆ, ಟ್ರ್ಯಾಕ್ಟರ್ ಇವತ್ತಿಗೂ ಕುಡಿಯೋದು ಡೀಸೆಲ್ಲೇ. ಮತ್ತೆ ಹೊಂಗೆಗೆ ಜಮೀನು ಯಾಕೆ ಬೇಕು, ಬದುವಲ್ಲಿ, ಬೇಲೀಲಿ, ಕಲ್ಲು ಗುಡ್ಡೆ ಮೇಲೂ ಬರುತ್ತೆ, ಬೇರಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತೆ. 2 ಎಕರೆ ಪೂರ್ತಿ ಅದಕ್ಕೇ ಬಿಡೋದು ಮಾತ್ರ ದಡ್ಡತನ. ಹೊಂಗೆ ಎಣ್ಣೆ ಬಹಳ ಸಲ ಹುಳಿ ಜಾಸ್ತಿ ಇರುತ್ತೆ, ಮೊದ್ಲು ಆಸಿಡ್ ಹಾಕಿ ಒಂದು ಸುತ್ತು, ಆಮೇಲೆ ಕಾಸ್ಟಿಕ್ ಹಾಕಿ ಇನ್ನೊಂದು ಸುತ್ತು ಮಾಡ್ಬೇಕು, ಮನೆ ಕೆಲಸ ಅಲ್ಲ. ಬೀಜನೇ ಮಾರ್ಬಿಡಿ.

ವಿಜಯನಗರದ ಮನೆ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳ್ತೀನಿ. ಮನೆ ಛಾವಣಿ ಮೇಲೆ ಸೋಲಾರ್ ಹಾಕ್ಸೋಕೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ತಿಂಗಳಿಗೆ 350 ಯೂನಿಟ್ ಹತ್ರ ಬರುತ್ತೆ. ಆದ್ರೆ 2023ರಿಂದ ಗೃಹಜ್ಯೋತಿ ಬಂದಿದೆ, 200 ಯೂನಿಟ್ ಒಳಗಿದ್ದು ಸೊನ್ನೆ ಬಿಲ್ ಬರ್ತಿದ್ರೆ ಸೋಲಾರ್ ಹಾಕ್ಸಿ ಉಳಿಸೋದೇನನ್ನ? ಏಜೆಂಟ್ ಯಾವನೂ ಇದನ್ನ ಬಾಯ್ಬಿಟ್ಟು ಹೇಳಲ್ಲ. 300 ಮೇಲೆ ಬರ್ತಿದ್ರೆ ಆಗ ಕೂತು ಲೆಕ್ಕ ಹಾಕಿ. ಮಾಗಡಿ ಜಮೀನಲ್ಲಿ ಬೋರ್‌ವೆಲ್ ಇದ್ರೆ ಮೊದಲ ದುಡ್ಡು ಅಲ್ಲಿ ಸೋಲಾರ್ ಪಂಪಿಗೆ ಹಾಕೋದು ನನ್ ಆಯ್ಕೆ. ಬದುವಿಗೆ ಭಾವನ ಹೊಂಗೆ ಸುತ್ತ ಒಂದು ಸಾಲು ಬರ್ಲಿ, ಪ್ಯಾನೆಲ್ ಮೇಲೆ ನೆರಳು ಬೀಳದ ಹಾಗೆ ದಕ್ಷಿಣದ ಬದು ಒಂದನ್ನ ಬಿಟ್ಟು.