ಜಪಾನಿನ ಹಳ್ಳಿಗಾಡಿನ ಬೆಟ್ಟದ ರಸ್ತೆ, ದೇವಸ್ಥಾನಗಳ ಫೋಟೋ ತೆಗೆಯಲು ಎಲ್ಲಿಗೆ ಹೋಗಬೇಕು?

ನನ್ನನ್ನು ಕೇಳಿದರೆ ಶಿಕೋಕು ದ್ವೀಪ. ಅಲ್ಲಿ ಬೌದ್ಧ ಗುರು ಕೋಬೋ ದೈಶಿಯ ನೆನಪಿನ 88 ಬೌದ್ಧ ದೇವಸ್ಥಾನಗಳ ಯಾತ್ರೆಯ ದಾರಿ ಇದೆ. 66ನೆಯದಾದ ಉನ್‌ಪೆಂಜಿ ಎಲ್ಲಕ್ಕಿಂತ ಎತ್ತರದಲ್ಲಿದೆ, 900 ಮೀಟರ್‌ಗೂ ಜಾಸ್ತಿ. ರೋಪ್‌ವೇ ಇದೆ. ಆದರೆ ನನಗೆ ಜಾಸ್ತಿ ಇಷ್ಟ 45ನೆಯ ಇವಾಯಾಜಿ. ಕಾರು ಕೆಳಗೇ ಬಿಟ್ಟು ಏರು ದಾರಿಯಲ್ಲಿ ನಡೆಯಬೇಕು. ಎರಡೂ ಬದಿ ಎತ್ತರದ ಸೀಡರ್ ಮರಗಳು, ಪಾಚಿ ಹಿಡಿದ ಪುಟ್ಟ ಕಲ್ಲಿನ ಜಿಜೋ (ಯಾತ್ರಿಕರನ್ನು ಕಾಯುವ ಬೋಧಿಸತ್ವ) ಮೂರ್ತಿಗಳು. ಕೊನೆಗೆ ಬಂಡೆಗೆ ಒತ್ತಿಕೊಂಡಂತೆ ಗುಡಿ ಕಾಣುತ್ತದೆ. ಮೋಡ ಕವಿದ ದಿನವೇ ಇಲ್ಲಿಗೆ ಒಳ್ಳೆಯದು, ಪಾಚಿಯ ಹಸಿರು ಚೆನ್ನಾಗಿ ಬರುತ್ತದೆ.

ರಸ್ತೆಯೇ ಬೇಕಿದ್ದರೆ 439ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯಿರಿ. ಹೆಸರಿಗೆ ಹೆದ್ದಾರಿ, ಎಷ್ಟೋ ಕಡೆ ಒಂದೇ ಕಾರಿಗೆ ಜಾಗ. ತಿರುವಿನಲ್ಲಿ ಕಿತ್ತಳೆ ಬಣ್ಣದ ಕಂಬದ ಮೇಲೆ ಉಬ್ಬುಗನ್ನಡಿ ಇರುತ್ತದೆ. ಅದನ್ನು ನೋಡಿಯೇ ಮುಂದೆ ಹೋಗಿ. ನಮ್ಮಲ್ಲಿಯಂತೆ ಎಡಗಡೆಯೇ ಓಡಿಸುವುದು. ಭಾರತದಲ್ಲಿ ಮಾಡಿಸಿದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಡೆಯುತ್ತದೆ. ‘ಕೇ’ ಎಂದು ಕರೆಯುವ ಜಪಾನಿನ ಚಿಕ್ಕ ಕಾರನ್ನೇ ಬಾಡಿಗೆಗೆ ತೆಗೆದುಕೊಳ್ಳಿ. ಫೋಟೋಗೆ ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ.

ಗುಡಿಯ ಒಳಗೆ ಎಷ್ಟೋ ಕಡೆ ಫೋಟೋ ತೆಗೆಯುವಂತಿಲ್ಲ, ಬೋರ್ಡ್ ನೋಡಿ. ಬಿಳಿ ಬಟ್ಟೆಯ ಯಾತ್ರಿಕರು ಮಂತ್ರ ಹೇಳುತ್ತಿದ್ದರೆ ದಯವಿಟ್ಟು ಕ್ಯಾಮೆರಾ ಕೆಳಗಿಳಿಸಿ, ಸುಮ್ನೆ ನಿಂತು ಕೇಳಿ.