ಕಾರಿನ ಹೆಸರಲ್ಲ, ನಂಬರ್ ಹೇಳಿ
ವಾಹನ ಪ್ರಶ್ನೋತ್ತರ: ಅಪರೂಪದ ವಿದೇಶಿ ಕಾರುಗಳ ಸಸ್ಪೆನ್ಶನ್

ಪ್ರಶ್ನೆ: ಜಪಾನಿನಲ್ಲಿ ಓಡಿದ ಟೊಯೋಟಾ ಆಲ್ಟೆಝಾ ನನ್ನ ಬಳಿ ಇದೆ. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಜಿನುಗುತ್ತಿದೆ. ಬಿಡಿಭಾಗದವರ ಪಟ್ಟಿಯಲ್ಲಿ ಈ ಹೆಸರೇ ಇಲ್ಲ, ಚಾಸಿ ನಂಬರ್ ಹಾಕಿದರೆ ‘ತಪ್ಪು’ ಎಂದು ಬರುತ್ತದೆ. ಏನು ಮಾಡಲಿ?

ಉತ್ತರ: ನಂಬರ್ ಸರಿಯಾಗಿಯೇ ಇದೆ. ಆ ಪಟ್ಟಿ ಕೇಳುತ್ತಿರುವುದು 17 ಅಕ್ಷರಗಳ ವಿಐಎನ್, ಅಂದರೆ ವಾಹನದ ಗುರುತು ಸಂಖ್ಯೆ. ಜಪಾನಿನ ಒಳಮಾರುಕಟ್ಟೆಗೆಂದು ತಯಾರಾದ ಕಾರಿಗೆ ಅದು ಇರುವುದಿಲ್ಲ. ಅದರ ಬದಲು ಫ್ರೇಮ್ ನಂಬರ್ ಇರುತ್ತದೆ: ಎಸ್‌ಎಕ್ಸ್‌ಇ10 ಅಥವಾ ಜಿಎಕ್ಸ್‌ಇ10 ಎಂಬ ಮಾದರಿ ಸಂಕೇತ, ನಡುವೆ ಅಡ್ಡಗೆರೆ, ಆಮೇಲೆ 7 ಅಂಕಿ. ಜಪಾನ್ ಮಾರುಕಟ್ಟೆಯ ಕ್ಯಾಟಲಾಗ್‌ನಲ್ಲಿ ಇದನ್ನೇ ಹಾಕಿ. ತಯಾರಾದ ತಿಂಗಳು ಕೂಡ ಸಿಗುತ್ತದೆ. ಆ ತಿಂಗಳು ಬರೆದಿಟ್ಟುಕೊಳ್ಳಿ. ಒಂದೇ ಮಾದರಿಯಲ್ಲಿ ನಡುವೆ ಭಾಗ ಬದಲಾಗಿದ್ದರೆ ಕ್ಯಾಟಲಾಗ್ ಆ ತಿಂಗಳ ಮೇಲೆಯೇ ಎರಡು ನಂಬರ್ ಕೊಡುತ್ತದೆ.

ಟೊಯೋಟಾ ಪಾರ್ಟ್ ನಂಬರಿನ ಮೊದಲ 5 ಅಂಕಿ ಅದು ಯಾವ ಭಾಗ ಎಂದು ಹೇಳುತ್ತವೆ. 48510 ಮುಂದಿನ ಬಲಗಡೆಯ ಶಾಕ್, 48520 ಎಡಗಡೆಯದು, 48530 ಹಿಂದಿನದು. ಉಳಿದ 5 ಯಾವ ಗಾಡಿಯದು, ಯಾವ ಆವೃತ್ತಿಯದು ಎಂಬುದಕ್ಕೆ. ನಂಬರಿನ ಭಾಗದ ‘ತಯಾರಿಕೆ ನಿಂತಿದೆ’ ಎಂದು ಬಂದರೆ ಅಲ್ಲಿಗೇ ಕೈಬಿಡಬೇಡಿ, ಅದರ ಜಾಗಕ್ಕೆ ಬಂದ ಹೊಸ ನಂಬರ್ ಇದೆಯೇ ನೋಡಿ. ಬಳಿಕ ಆ ನಂಬರನ್ನು ಕೆವೈಬಿ, ಮನ್ರೋದಂಥ ತಯಾರಕರ ಪಟ್ಟಿಯಲ್ಲಿ ಹುಡುಕಿ. ಅವರ ನಂಬರ್ ಸಿಕ್ಕಮೇಲೆ ಅದೇ ಶಾಕ್ ಇನ್ನಾವ ಕಾರುಗಳಿಗೆ ಹೊಂದುತ್ತದೆ ಎಂಬುದೂ ಸಿಗುತ್ತದೆ. ನಿಮ್ಮ ಕಾರು ಹೊರದೇಶಗಳಲ್ಲಿ ಮಾರಾಟವಾದದ್ದು ಲೆಕ್ಸಸ್ ಐಎಸ್200, ಐಎಸ್300 ಹೆಸರಿನಲ್ಲಿ. ಹಾಗಾಗಿ ಅಂಗಡಿಯಲ್ಲಿ ‘ಆಲ್ಟೆಝಾ’ ಎಂದು ಕೇಳಿದರೆ ಇಲ್ಲ ಎಂದವರೇ ನಂಬರ್ ಹೇಳಿದರೆ ತೆಗೆದುಕೊಟ್ಟಾರು.

ಒಂದು ಎಚ್ಚರಿಕೆ. ಶಾಕ್ ಹೊಂದಿತೆಂದು ಸ್ಪ್ರಿಂಗೂ ಹೊಂದುತ್ತದೆ ಎಂದುಕೊಳ್ಳಬೇಡಿ. 4 ಸಿಲಿಂಡರಿನ ಎಸ್‌ಎಕ್ಸ್‌ಇ10ಕ್ಕೂ 6 ಸಿಲಿಂಡರಿನ ಕಾರುಗಳಿಗೂ ಮುಂಭಾಗದ ಭಾರ ಬೇರೆ.

ಪ್ರಶ್ನೆ: ನನ್ನ ಕಾರಿನ ಕೆಳಗಿನ ಆರ್ಮ್‌ನ (ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ತೋಳು) ಬುಷ್, ಅಂದರೆ ಕೀಲಿನ ರಬ್ಬರ್, ಹರಿದಿದೆ. ಕಂಪನಿ ಬುಷ್ ಬಿಡಿಯಾಗಿ ಕೊಡುವುದಿಲ್ಲ, ಇಡೀ ಆರ್ಮ್ ಈಗ ತಯಾರಾಗುತ್ತಿಲ್ಲ. ಬೇರೆ ಕಾರಿನ ಬುಷ್ ಹಾಕಬಹುದೇ? ಪಾಲಿಯುರೇಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್) ಬುಷ್ ಒಳ್ಳೆಯದೇ?

ಉತ್ತರ: ಹಾಕಬಹುದು, ಅಳತೆ ಹಿಡಿದು ಹುಡುಕಿದರೆ. ಬೇಕಾದ ಅಳತೆಗಳು ಐದು: ಹೊರಕವಚದ ವ್ಯಾಸ, ಅದರ ಉದ್ದ, ಒಳಗಿನ ಕೊಳವೆಯ ರಂಧ್ರ, ಕೊಳವೆಯ ಉದ್ದ, ಕೊಳವೆ ಕವಚದಿಂದ ಎರಡೂ ಕಡೆ ಎಷ್ಟೆಷ್ಟು ಹೊರಚಾಚಿದೆ ಎಂಬುದು. ಇವೆಲ್ಲವನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಿರಿ, ಟೇಪಿನಲ್ಲಿ ಬೇಡ. ಹೊರವ್ಯಾಸಕ್ಕೆ ಮಾತ್ರ ಹಳೆಯ ಬುಷ್ಷನ್ನು ನಂಬಬೇಡಿ, ತೆಗೆಯುವಾಗ ಅದು ನುಗ್ಗಾಗಿರುತ್ತದೆ. ಆರ್ಮ್‌ನ ರಂಧ್ರವನ್ನು ಮೂರು ದಿಕ್ಕಿನಲ್ಲಿ ಅಳೆಯಿರಿ. ಮೂರೂ ಒಂದೇ ಬರದಿದ್ದರೆ ರಂಧ್ರವೇ ಮೊಟ್ಟೆಯಾಕಾರಕ್ಕೆ ತಿರುಗಿದೆ, ಹೊಸ ಬುಷ್ ಹಾಕಿದರೂ ನಿಲ್ಲುವುದಿಲ್ಲ. ಲೋಹದ ಕವಚದ ಬುಷ್ ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪವಿದ್ದು ಪ್ರೆಸ್‌ನಲ್ಲಿ ಒತ್ತಿದರೆ ಮಾತ್ರ ಕೂರಬೇಕು. ಕೈಯಲ್ಲೇ ಒಳಗೆ ಹೋದರೆ ಅದು ನಿಮ್ಮ ಬುಷ್ ಅಲ್ಲ.

ಹೆಚ್ಚಿನವರು ಎಡವುವುದು ಆರನೆಯ ವಿಷಯದಲ್ಲಿ. ಹಲವು ಬುಷ್‌ಗಳ ರಬ್ಬರಿನಲ್ಲಿ ಎರಡು ಕಡೆ ಖಾಲಿ ಜಾಗ ಬಿಟ್ಟಿರುತ್ತಾರೆ. ಖಾಲಿ ಇರುವ ದಿಕ್ಕಿನಲ್ಲಿ ಬುಷ್ ಮೃದು, ಅದಕ್ಕೆ ಅಡ್ಡವಾಗಿ ಗಟ್ಟಿ. ಹಳೆಯದನ್ನು ಒತ್ತಿ ತೆಗೆಯುವ ಮುಂಚೆಯೇ ಆ ಜಾಗದ ನೇರಕ್ಕೆ ಆರ್ಮ್ ಮೇಲೆ ಗೀರು ಹಾಕಿ, ಹೊಸದನ್ನು ಅದೇ ಗೀರಿಗೆ ಕೂರಿಸಿ. 90 ಡಿಗ್ರಿ ತಿರುಗಿ ಕೂತರೆ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಜಗ್ಗುತ್ತದೆ, ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಸ್ಟೀರಿಂಗ್ ನೆಟ್ಟಗಾಗುವುದಿಲ್ಲ.

ಬೋಲ್ಟ್ ಬಿಗಿ ಮಾಡುವ ಕ್ರಮವೂ ಅಷ್ಟೇ ಮುಖ್ಯ. ಜ್ಯಾಕ್ ಹಾಕುವ ಮೊದಲು, ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಹಬ್‌ನ (ಚಕ್ರ ಕೂರುವ ನಡುಭಾಗ) ಕೆಳಗೆ ಜ್ಯಾಕ್ ಕೊಟ್ಟು ಅದೇ ಅಳತೆಗೆ ಎತ್ತಿ, ಆಗ ಬುಷ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಿ. ರಬ್ಬರ್ ಬುಷ್ ಜಾರಿ ತಿರುಗುವುದಿಲ್ಲ, ಅಂಟಿಕೊಂಡೇ ಹಿಂಡಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಕಾರು ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ಹಾಗೆಯೇ ಉಳಿದು, ಬೇಗ ಹರಿಯುತ್ತದೆ. ‘ಡೂಪ್ಲಿಕೇಟ್ ಬುಷ್, ಬಾಳಿಕೆ ಬರಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಪಾಲಿಯುರೇಥೇನ್ ಬಗ್ಗೆ: ಒಂದೇ ಅಕ್ಷದಲ್ಲಿ ತಿರುಗುವ ಜಾಗಕ್ಕೆ, ಅಂದರೆ ಸ್ಟೆಬಿಲೈಸರ್ ಬಾರ್‌ಗೆ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು), ಆರ್ಮ್‌ನ ಮುಂದಿನ ನೇರ ಬುಷ್‌ಗೆ ಅಡ್ಡಿಯಿಲ್ಲ. ಎಲ್ಲ ದಿಕ್ಕಿಗೂ ಬಾಗಬೇಕಾದ ಹಿಂದಿನ ದೊಡ್ಡ ಬುಷ್ ಜಾಗಕ್ಕೆ ಹಾಕಿದರೆ ಆರ್ಮ್ ಸಿಕ್ಕಿಕೊಳ್ಳುತ್ತದೆ, ಆ ಒತ್ತಡ ಬ್ರಾಕೆಟ್ ಮೇಲೆ ಬೀಳುತ್ತದೆ. ಹಾಕುವುದಾದರೆ ಜೊತೆಗೆ ಕೊಡುವ ಸಿಲಿಕೋನ್ ಗ್ರೀಸ್ ಬಿಟ್ಟು ಬೇರೆ ಸವರಬೇಡಿ.

ಪ್ರಶ್ನೆ: ವೋಲ್ವೋ ಎಸ್40ಗೆ ಫೋರ್ಡ್ ಫೋಕಸ್‌ನ ಭಾಗಗಳು ಹಾಗೆಯೇ ಕೂರುತ್ತವೆ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. 2004ರಿಂದ ಬಂದ ಎಸ್40, ಎರಡನೇ ತಲೆಮಾರಿನ ಫೋಕಸ್, ಮೊದಲ ಮಝ್ದಾ3 ಮೂರೂ ಫೋರ್ಡ್‌ನ ಸಿ1 ಪ್ಲಾಟ್‌ಫಾರ್ಮ್, ಅಂದರೆ ಒಂದೇ ತಳವಿನ್ಯಾಸದ ಮೇಲೆ ನಿಂತವು. ಆದರೆ ಕೆಳಗಿನ ಆರ್ಮ್‌ನ ಬಾಲ್ ಜಾಯಿಂಟ್ (ಚಕ್ರದ ಕಡೆಯ ಗುಂಡು ಕೀಲು) ಪಿನ್ 18 ಮಿ.ಮೀ., 21 ಮಿ.ಮೀ. ಎಂದು ಎರಡು ಅಳತೆಗಳಲ್ಲಿ ಸಿಗುತ್ತದೆ; ಆರ್ಮ್ ನೋಡಲು ಒಂದೇ. ನಿಮ್ಮದನ್ನು ಅಳೆಯದೆ ಆರ್ಡರ್ ಮಾಡಬೇಡಿ. ಸಣ್ಣ ಪಿನ್ನನ್ನು ದೊಡ್ಡ ರಂಧ್ರಕ್ಕೆ ತಗಡು ಸುತ್ತಿ ಕೂರಿಸುವ ‘ಉಪಾಯ’ ಹೇಳುವವರಿದ್ದಾರೆ. ಅಂಥವರ ಕೈಗೆ ಕಾರು ಕೊಡಬೇಡಿ.

ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್) ಆದರೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಮಲಗಿಸಿ ನೋಡಿ: ಸ್ಟೀರಿಂಗ್ ನಕಲ್ (ಹಬ್ ಹೊತ್ತ ಭಾಗ) ಹಿಡಿಯುವ ಜಾಗದ ವ್ಯಾಸ, ಸ್ಪ್ರಿಂಗ್ ತಟ್ಟೆಯ ಎತ್ತರ, ಸ್ಟೆಬಿಲೈಸರ್ ಲಿಂಕ್ ಕಿವಿಯ ಎತ್ತರ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಬ್ರಾಕೆಟ್, ರಾಡ್‌ನ ತುದಿಯ ಥ್ರೆಡ್. ಪೂರ್ತಿ ಎಳೆದಾಗಿನ ಉದ್ದವೂ ಪೂರ್ತಿ ಒತ್ತಿದಾಗಿನ ಉದ್ದವೂ ಹೊಂದಬೇಕು. ಒತ್ತಿದಾಗ ಹೊಸದು ಉದ್ದ ಉಳಿದರೆ ದೊಡ್ಡ ಗುಂಡಿಯಲ್ಲಿ ಬಂಪ್ ಸ್ಟಾಪ್‌ಗೆ (ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ಮೊದಲು ಪಿಸ್ಟನ್ನೇ ತಳಕ್ಕೆ ಬಡಿಯುತ್ತದೆ.

ಸ್ಪ್ರಿಂಗ್‌ನಲ್ಲಿ ತಂತಿಯ ದಪ್ಪವನ್ನು ಎರಡೆರಡು ಸಲ ಅಳೆಯಿರಿ, ಬಣ್ಣ ಕೆರೆದು. ಬಿಗಿತ ಆ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ: ಸುರುಳಿಯ ವ್ಯಾಸ, ಸುತ್ತುಗಳು ಅವೇ ಇದ್ದು ತಂತಿ 12ರಿಂದ 13 ಮಿ.ಮೀ. ಆದರೆ ಸ್ಪ್ರಿಂಗ್ ಸುಮಾರು 38 ಶೇಕಡಾ ಗಟ್ಟಿ.

ಪ್ರಶ್ನೆ: ಸಿಟ್ರೋಯೆನ್ ಜಾಂಟಿಯಾ ಕಲ್ಲಿನಂತೆ ಓಡುತ್ತಿದೆ. ಎಲ್ಲೂ ಸೋರಿಕೆ ಇಲ್ಲ. ಇದಕ್ಕೆ ಶಾಕ್ ಎಲ್ಲಿ ಸಿಗುತ್ತದೆ?

ಉತ್ತರ: ಇದರಲ್ಲಿ ಮಾಮೂಲಿ ಶಾಕ್ ಇಲ್ಲ, ಸ್ಫಿಯರ್‌ಗಳಿವೆ: ನಡುವೆ ಪೊರೆ ಇದ್ದು ಒಂದು ಕಡೆ ಅನಿಲ, ಇನ್ನೊಂದು ಕಡೆ ಎಣ್ಣೆ ಇರುವ ಲೋಹದ ಗೋಳಗಳು. ಅವುಗಳೊಳಗಿನ ನೈಟ್ರೋಜನ್ ವರ್ಷಗಳಲ್ಲಿ ಪೊರೆಯ ಮೂಲಕವೇ ಸೋರಿಹೋಗುತ್ತದೆ. ಸ್ಫಿಯರ್ ಮೇಲೆ ಕೊರೆದ ನಂಬರ್ ಮತ್ತು ಒತ್ತಡ ನೋಡಿ ಅದನ್ನೇ ತರಿಸಿ; ಮುಂದಿನವು ಹಿಂದಕ್ಕೆ ಹೊಂದುವುದಿಲ್ಲ. ಹೈಡ್ರಾಕ್ಟಿವ್ (ಬಿಗಿತವನ್ನು ತಾನೇ ಬದಲಿಸಿಕೊಳ್ಳುವ) ಆವೃತ್ತಿಯಾದರೆ ಮುಂದೊಂದು, ಹಿಂದೊಂದು ಹೆಚ್ಚಿನ ಸ್ಫಿಯರ್ ಇರುತ್ತದೆ, ಎಣಿಕೆಯಲ್ಲಿ ಅವನ್ನು ಮರೆಯಬೇಡಿ. ಬಿಚ್ಚುವ ಮೊದಲು ಎತ್ತರದ ಲಿವರ್ ಕೆಳಗಿಳಿಸಿ, ಒತ್ತಡದ ರೆಗ್ಯುಲೇಟರ್‌ನ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಿ. ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ಹೋಗಬೇಡಿ. ತುಂಬಬೇಕಾದದ್ದು ಎಲ್‌ಎಚ್‌ಎಮ್ ಎಂಬ ಹಸಿರು ಖನಿಜ ಎಣ್ಣೆ ಮಾತ್ರ. ಬ್ರೇಕ್ ಆಯಿಲ್ ಸೇರಿದರೆ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಪ್ರಶ್ನೆ: ಬಹಳ ವರ್ಷ ಗೋದಾಮಿನಲ್ಲಿದ್ದ, ಡಬ್ಬಿ ಒಡೆಯದ ಒರಿಜಿನಲ್ ಶಾಕ್ ಮತ್ತು ಬುಷ್ ಸಿಕ್ಕಿವೆ. ಕೊಳ್ಳಬಹುದೇ?

ಉತ್ತರ: ಬುಷ್ ಬೇಡ, ರಬ್ಬರ್ ಡಬ್ಬಿಯೊಳಗೂ ಗಟ್ಟಿಯಾಗಿ ಬಿರಿಯುತ್ತದೆ. ಶಾಕ್ ಆದೀತು, ರಾಡ್ ಮೇಲೆ ತುಕ್ಕಿನ ಚುಕ್ಕೆ ಇಲ್ಲದಿದ್ದರೆ. ಅಡ್ಡ ಮಲಗಿದ್ದ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಶಾಕ್‌ನಲ್ಲಿ ಗಾಳಿ ಒಳಕೊಳವೆಗೆ ಸೇರಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ. ಆಮೇಲೂ ನಡುವೆ ಖಾಲಿ ಜಾರಿದಂತೆ ಕೈಗೆ ಸಿಕ್ಕರೆ ವಾಪಸ್ ಮಾಡಿ.